ನಾಲ್ಕು ಬಟನ್, ನಾಲ್ಕೂ 'ಹೌದು': ವಿಡಿಯೊ ಗೇಮ್‌ಗಳಲ್ಲಿ ಮಾತಿನ ಆಯ್ಕೆ ನಿಜಕ್ಕೂ ಕಡಿಮೆಯಾಗಿದೆಯೇ?

ವಿಡಿಯೊ ಗೇಮ್ ಆಡುವವರ ಗ್ರೂಪ್‌ಗಳಲ್ಲಿ ವರ್ಷಗಳಿಂದ ಸುತ್ತುತ್ತಿರುವ ಒಂದು ತಮಾಷೆ ಇದೆ. ಪರದೆಯ ಮೇಲೆ ನಾಲ್ಕು ಬಟನ್. ಒಂದರಲ್ಲಿ 'ಹೌದು', ಇನ್ನೊಂದರಲ್ಲಿ 'ವ್ಯಂಗ್ಯವಾಗಿ ಹೌದು', ಮೂರನೆಯದರಲ್ಲಿ 'ಪ್ರಶ್ನೆ ಕೇಳಿ ಆಮೇಲೆ ಹೌದು', ಕೊನೆಯದರಲ್ಲಿ 'ಈಗ ಬೇಡ, ಆಮೇಲೆ ಹೌದು'. 2015ರ ನವೆಂಬರ್‌ನಲ್ಲಿ ಬಿಡುಗಡೆಯಾದ 'ಫಾಲ್‌ಔಟ್ 4' ಆಟವನ್ನು ಗೇಲಿ ಮಾಡಲು ಹುಟ್ಟಿದ ತಮಾಷೆ ಇದು. ಇದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ಹಳೆಯ ಆಟಗಳಲ್ಲಿ ಏನು ಬೇಕಾದರೂ ಮಾತಾಡಬಹುದಿತ್ತು, ಈಗಿನ ಕಂಪನಿಗಳು ಓದಲು ಬೇಸರಪಡುವವರಿಗಾಗಿ ಆಟ ಮಾಡುತ್ತಿವೆ ಎಂದು.

ನಗು ಬರುತ್ತದೆ, ಹಂಚಿಕೊಳ್ಳಬೇಕು ಅನಿಸುತ್ತದೆ. ಆದರೆ ಇದರಲ್ಲಿ ನಿಜ ಎಷ್ಟು? ಸ್ವಲ್ಪ ಬಿಡಿಸಿ ನೋಡೋಣ.

ಮೊದಲು, ಈ 'ಮಾತಿನ ಆಯ್ಕೆ' ಅಂದರೇನು?

ರೋಲ್ ಪ್ಲೇಯಿಂಗ್ ಗೇಮ್ ಎಂದರೆ ನೀವೇ ಒಂದು ಪಾತ್ರವಾಗಿ ಕಥೆಯೊಳಗೆ ನಡೆಯುವ ಆಟ. ಹುಡುಗರು ಇದನ್ನೇ ಚಿಕ್ಕದಾಗಿ ಆರ್‌ಪಿಜಿ ಅನ್ನುತ್ತಾರೆ. ಇದರಲ್ಲಿ ಹೊಡೆದಾಟದಷ್ಟೇ ಮಾತುಕತೆಗೂ ಜಾಗವಿದೆ. ಯಾರೋ ಬಂದು ಸಹಾಯ ಕೇಳುತ್ತಾರೆ; ಒಪ್ಪಬೇಕೋ, ಬೇಡ ಅನ್ನಬೇಕೋ, ದುಡ್ಡು ಕೇಳಬೇಕೋ, ಬೆದರಿಸಬೇಕೋ ಎಂದು ನೀವು ಆರಿಸುತ್ತೀರಿ.

ಹಳೆಯ ಆಟಗಳಲ್ಲಿ ಪೂರ್ತಿ ವಾಕ್ಯಗಳ ಪಟ್ಟಿ ಪರದೆಯ ಮೇಲೆ ಬರುತ್ತಿತ್ತು. 1999ರ 'ಪ್ಲೇನ್‌ಸ್ಕೇಪ್: ಟಾರ್ಮೆಂಟ್' ಆಟದಲ್ಲಿ ಸುಮಾರು 8 ಲಕ್ಷ ಪದಗಳಿವೆ ಎಂದು ಹೇಳಲಾಗುತ್ತದೆ. 1997ರ ಮೊದಲ 'ಫಾಲ್‌ಔಟ್'ನಲ್ಲಿ ನಿಮ್ಮ ಪಾತ್ರಕ್ಕೆ ಬುದ್ಧಿಯ ಅಂಕ ತೀರಾ ಕಡಿಮೆ ಕೊಟ್ಟರೆ ಅದು ತೊದಲಿ ಗುರುಗುಟ್ಟುವುದನ್ನು ಬಿಟ್ಟು ಬೇರೇನೂ ಆಡುತ್ತಿರಲಿಲ್ಲ. ಎದುರಿನವರು ಬೇಸತ್ತು ಮಾತೇ ನಿಲ್ಲಿಸುತ್ತಿದ್ದರು. ಇಂಥ ವಿವರಗಳೇ ಹಳೆಯ ಅಭಿಮಾನಿಗಳ ಮನಸ್ಸಿನಲ್ಲಿ ಉಳಿದಿರುವುದು.

ಮಾತು ಚಿಕ್ಕದಾದದ್ದು ಯಾವಾಗ?

ದೊಡ್ಡ ತಿರುವು 2007ರಲ್ಲಿ ಬಂತು. ಬಯೋವೇರ್ ಕಂಪನಿಯ 'ಮಾಸ್ ಎಫೆಕ್ಟ್' ಆಟ ಪಟ್ಟಿಯ ಬದಲು ಒಂದು ಚಕ್ರವನ್ನು ತಂದಿತು. ಇದಕ್ಕೆ ಡಯಲಾಗ್ ವೀಲ್ ಎಂದು ಹೆಸರು. ಚಕ್ರದ ಸುತ್ತ ಎರಡು ಮೂರು ಪದಗಳ ಸುಳಿವು ಮಾತ್ರ ಇರುತ್ತದೆ. ಸಾಮಾನ್ಯವಾಗಿ ಮೇಲಿನದು ಒಳ್ಳೆಯ ಮಾತು, ಕೆಳಗಿನದು ಒರಟು ಮಾತು, ಎಡಕ್ಕೆ ಇನ್ನಷ್ಟು ವಿಚಾರಿಸುವ ದಾರಿ. ನೀವು ಸುಳಿವನ್ನು ಆರಿಸಿದರೆ ನಾಯಕ ಬೇರೆಯೇ ಪದಗಳಲ್ಲಿ, ಪೂರ್ತಿ ವಾಕ್ಯವನ್ನು, ತನ್ನ ದನಿಯಲ್ಲಿ ಹೇಳುತ್ತಾನೆ. ಈ ಚಕ್ರಕ್ಕೆ ಬಯೋವೇರ್‌ನ ಮಾತೃಸಂಸ್ಥೆ ಎಲೆಕ್ಟ್ರಾನಿಕ್ ಆರ್ಟ್ಸ್ 2011ರಲ್ಲಿ ಅಮೆರಿಕದಲ್ಲಿ ಪೇಟೆಂಟನ್ನೂ ಪಡೆಯಿತು.

ಅದೇ ಕಂಪನಿಯ 'ಡ್ರ್ಯಾಗನ್ ಏಜ್: ಒರಿಜಿನ್ಸ್' (2009) ಹಳೆಯ ಪಟ್ಟಿಯನ್ನೇ ಉಳಿಸಿಕೊಂಡಿತ್ತು, ನಾಯಕನಿಗೆ ದನಿ ಇರಲಿಲ್ಲ. 2011ರ 'ಡ್ರ್ಯಾಗನ್ ಏಜ್ 2'ರಲ್ಲಿ ನಾಯಕನಿಗೆ ದನಿ ಬಂತು, ಪಟ್ಟಿ ಹೋಗಿ ಚಕ್ರ ಬಂತು. ಅಭಿಮಾನಿಗಳ ಜಗಳ ಜೋರಾದದ್ದು ಆಗ. 'ಫಾಲ್‌ಔಟ್ 4' ಅದಕ್ಕೆ ಇನ್ನಷ್ಟು ತುಪ್ಪ ಸುರಿಯಿತು. ಅಲ್ಲಿ ಕಂಟ್ರೋಲರಿನ ನಾಲ್ಕು ಬಟನ್‌ಗೆ ನಾಲ್ಕೇ ಆಯ್ಕೆ, ಅದೂ ಕೆಲವು ಕಡೆ 'ವ್ಯಂಗ್ಯ' ಎಂಬ ಒಂದೇ ಪದ.

ಯಾಕೆ ಹೀಗೆ ಮಾಡಿದರು?

ಆಟಗಾರರು ದಡ್ಡರೆಂದಲ್ಲ. ಮುಖ್ಯ ಕಾರಣ ದನಿ.

ನಾಯಕ ಮೂಕನಾಗಿದ್ದರೆ ಅವನಿಗೆ ಇನ್ನೊಂದು ಸಾಲು ಸೇರಿಸಲು ಬರಹಗಾರ ಟೈಪ್ ಮಾಡಿದರೆ ಸಾಕು. ಅವನಿಗೆ ದನಿ ಕೊಟ್ಟ ಕೂಡಲೇ ಲೆಕ್ಕ ಬದಲಾಗುತ್ತದೆ. ಪ್ರತಿ ಸಾಲಿಗೂ ಕಲಾವಿದರು ಸ್ಟುಡಿಯೊಗೆ ಬರಬೇಕು. ನಾಯಕ ಗಂಡೂ ಆಗಬಹುದು ಹೆಣ್ಣೂ ಆಗಬಹುದು ಎಂದರೆ ಅದೇ ಸಾಲನ್ನು ಇಬ್ಬರು ಹೇಳಬೇಕು. ಬೇರೆ ಭಾಷೆಗೆ ಡಬ್ ಮಾಡಿದರೆ ಅಲ್ಲೂ ಇಬ್ಬರು. 'ಫಾಲ್‌ಔಟ್ 4'ಕ್ಕಾಗಿ ಇಬ್ಬರು ಮುಖ್ಯ ಕಲಾವಿದರು ತಲಾ 13,000ಕ್ಕೂ ಹೆಚ್ಚು ಸಾಲುಗಳನ್ನು ರೆಕಾರ್ಡ್ ಮಾಡಿದ್ದರು. ಆ ಮೇಲೆ ಕಥೆ ಬದಲಿಸಬೇಕೆಂದರೆ ಅವರನ್ನು ಮತ್ತೆ ಕರೆಸಬೇಕು.

ಎರಡನೆಯದು, ಪುನರಾವರ್ತನೆ. ಪೂರ್ತಿ ವಾಕ್ಯವನ್ನು ನೀವು ಆಗಲೇ ಓದಿ ಆರಿಸಿದ್ದರೆ, ಮರುಕ್ಷಣ ನಾಯಕ ಅದನ್ನೇ ಒಪ್ಪಿಸಿದಾಗ ಬೇಸರವಾಗುತ್ತದೆ. ಸುಳಿವು ಮಾತ್ರ ಕೊಟ್ಟರೆ ಕೇಳುವ ಕುತೂಹಲ ಉಳಿಯುತ್ತದೆ. 'ಮಾಸ್ ಎಫೆಕ್ಟ್'ನಲ್ಲಂತೂ ಎದುರಿನವರು ಮಾತು ಮುಗಿಸುವ ಮೊದಲೇ ಆಯ್ಕೆ ಕಾಣಿಸುವುದರಿಂದ ಸಿನಿಮಾ ನೋಡಿದಂತೆ ಸಂಭಾಷಣೆ ಹರಿಯುತ್ತದೆ.

ಮೂರನೆಯದು, ಟಿವಿಯಿಂದ ದೂರ ಕೂತು ಕಂಟ್ರೋಲರ್ ಹಿಡಿದು ಆಡುವವರಿಗೆ ಉದ್ದ ಪಟ್ಟಿ ಓದುವುದು ಕಷ್ಟ ಎಂಬ ಲೆಕ್ಕಾಚಾರ.

'ಗ್ಲಾಸ್ ಹಿಮ್' ಎಂದರೆ ಏನು?

ಸುಳಿವು ಕೈಕೊಡುವುದು ಹೇಗೆ ಎಂಬುದಕ್ಕೆ ಮೂರು ಹೆಸರಾಂತ ಉದಾಹರಣೆಗಳಿವೆ.

2013ರ 'ದಿ ವುಲ್ಫ್ ಅಮಾಂಗ್ ಅಸ್' ಆಟದಲ್ಲಿ ನಾಯಕ ಬಾರ್‌ನಲ್ಲಿ ಒಬ್ಬನ ಪಕ್ಕ ಕೂತಿರುತ್ತಾನೆ. 'ಗ್ಲಾಸ್ ಹಿಮ್' ಎಂಬ ಆಯ್ಕೆ ಬರುತ್ತದೆ. ಪಾಪ, ಅವನಿಗೊಂದು ಗ್ಲಾಸ್ ಕುಡಿಯಲು ಕೊಡಿಸುವುದಿರಬೇಕು ಎಂದುಕೊಂಡು ಒತ್ತಿದವರು ಬೆಚ್ಚಿಬಿದ್ದರು. ನಾಯಕ ಗಾಜಿನ ಲೋಟವನ್ನು ಅವನ ಮುಖಕ್ಕೇ ಒಡೆಯುತ್ತಾನೆ. ಬ್ರಿಟಿಷ್ ಆಡುಮಾತಿನಲ್ಲಿ ಆ ಪದಕ್ಕೆ ಇರುವ ಅರ್ಥವೇ ಅದು.

2015ರ 'ದಿ ವಿಚರ್ 3'ರಲ್ಲಿ ಡೈಕ್‌ಸ್ಟ್ರಾ ಎಂಬ ಪಾತ್ರವನ್ನು ಜೋರಾಗಿ ಪಕ್ಕಕ್ಕೆ ತಳ್ಳುವ ಆಯ್ಕೆಯಿದೆ. ಆರಿಸಿದರೆ ನಾಯಕ ತಳ್ಳುವುದಷ್ಟೇ ಅಲ್ಲ, ಆತನ ಕಾಲನ್ನೇ ಮುರಿಯುತ್ತಾನೆ.

ಮೂರನೆಯದು ಆರ್‌ಪಿಜಿ ಅಲ್ಲ, ಪತ್ತೇದಾರಿ ಆಟ. 2011ರ 'ಎಲ್.ಎ. ನ್ವಾರ್'ನಲ್ಲಿ ಸಾಕ್ಷಿಯ ಮಾತಿಗೆ 'ನಿಜ', 'ಅನುಮಾನ', 'ಸುಳ್ಳು' ಎಂದು ಮೂರು ಉತ್ತರ. ಮೆತ್ತಗೆ ಅನುಮಾನ ತೋರಿಸೋಣ ಎಂದು ಒತ್ತಿದರೆ, ಪತ್ತೇದಾರ ಒಮ್ಮೊಮ್ಮೆ ಎದುರಿಗಿದ್ದವರ ಮೇಲೆ ಕೂಗಾಡುತ್ತಿದ್ದ. ಯಾರಾದರೂ ಬುರುಡೆ ಬಿಟ್ಟಾಗ 'ಎಕ್ಸ್ ಒತ್ತಿ ಅನುಮಾನಿಸಿ' ಎಂಬ ಮೀಮ್ ಕಳಿಸುತ್ತೀರಲ್ಲ, ಅದು ಹುಟ್ಟಿದ್ದು ಇಲ್ಲಿಂದಲೇ. 2017ರಲ್ಲಿ ಆಟ ಮತ್ತೆ ಬಿಡುಗಡೆಯಾದಾಗ ಆ ಮೂರು ಪದಗಳನ್ನು ತೆಗೆದು 'ಒಳ್ಳೆಯ ಪೊಲೀಸ್', 'ಕೆಟ್ಟ ಪೊಲೀಸ್', 'ಆರೋಪಿಸು' ಎಂಬರ್ಥದ ಪದಗಳನ್ನು ಹಾಕಿದರು. ಮಾತುಗಳು ಅವೇ, ಹಣೆಪಟ್ಟಿ ಮಾತ್ರ ಬದಲಾಯಿತು.

ಈಗ ಒಂದೊಂದೇ ಆರೋಪ ನೋಡೋಣ

*ಆರೋಪ 1: ಹಳೆಯ ಆಟಗಳಲ್ಲಿ ಪ್ರತಿ ಆಯ್ಕೆಗೂ ಬೇರೆ ಕಥೆ ಇತ್ತು.*

ಸುಳ್ಳು. ಇದು ಸರಳ ಗಣಿತ. ಒಂದು ಕಥೆಯಲ್ಲಿ 10 ಕಡೆ ಆಯ್ಕೆ ಇದೆ, ಪ್ರತಿ ಕಡೆ 4 ದಾರಿ ಎಂದುಕೊಳ್ಳಿ. ಎಲ್ಲವೂ ಬೇರೆ ಬೇರೆ ಕಥೆಗಳಾಗಿ ಕವಲೊಡೆದರೆ 10,48,576 ಕಥೆ ಬರೆಯಬೇಕು. ಯಾರಿಗೂ ಆಗದ ಕೆಲಸ. ಅದಕ್ಕೇ ಎಲ್ಲ ಆಟಗಳೂ ಕಥೆಯನ್ನು ಕವಲೊಡೆಸಿ ಮತ್ತೆ ಸೇರಿಸುತ್ತವೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಎರಡಾಗಿ ಊರನ್ನು ಬಳಸಿ ಮುಂದೆ ಮತ್ತೆ ಒಂದಾಗುತ್ತಾಳಲ್ಲ, ಹಾಗೆ. ಹಳೆಯ ಆಟದ ಏಳು ಸಾಲಿನ ಪಟ್ಟಿಯಲ್ಲೂ ಹಲವು ಸಾಲುಗಳಿಗೆ ಸಿಗುತ್ತಿದ್ದ ಉತ್ತರ ಒಂದೇ.

*ಆರೋಪ 2: 'ಫಾಲ್‌ಔಟ್ 4'ರಲ್ಲಿ ಏನು ಒತ್ತಿದರೂ ಹೌದು.*

ಉತ್ಪ್ರೇಕ್ಷೆ, ಆದರೆ ಬೆಂಕಿಯಿಲ್ಲದ ಹೊಗೆಯಲ್ಲ. ಆಟದಲ್ಲಿ ನಾಲ್ಕು ಬಣಗಳಿವೆ, ಯಾರ ಕಡೆ ನಿಲ್ಲುತ್ತೀರಿ ಎಂಬುದರ ಮೇಲೆ ಕೊನೆ ಬದಲಾಗುತ್ತದೆ. ಅಂದರೆ ದೊಡ್ಡ ಆಯ್ಕೆಗಳಿವೆ. ಆದರೆ ದಿನನಿತ್ಯದ ಮಾತುಕತೆಯಲ್ಲಿ 'ಇಲ್ಲ' ಎಂದರೆ ಬಹಳ ಸಲ ಅದು 'ಆಮೇಲೆ ನೋಡೋಣ' ಎಂದಾಗುತ್ತದೆ, ಕೆಲಸ ನಿಮಗಾಗಿ ಕಾಯುತ್ತಿರುತ್ತದೆ. ಜೊತೆಗೆ 2010ರ 'ಫಾಲ್‌ಔಟ್: ನ್ಯೂ ವೇಗಸ್'ನಲ್ಲಿ ವಿಜ್ಞಾನ, ವೈದ್ಯಕೀಯ, ವ್ಯಾಪಾರ ಹೀಗೆ ನಿಮ್ಮ ಪಾತ್ರದ ಬೇರೆ ಬೇರೆ ಪರಿಣತಿ ಮಾತಿನಲ್ಲಿ ಕೆಲಸಕ್ಕೆ ಬರುತ್ತಿತ್ತು. 'ಫಾಲ್‌ಔಟ್ 4'ರಲ್ಲಿ ಅದು ಹೆಚ್ಚಾಗಿ ಎದುರಿನವರನ್ನು ಒಲಿಸುವ ಶಕ್ತಿಯೊಂದಕ್ಕೇ ಇಳಿಯಿತು. ಇದು ನಿಜವಾದ ನಷ್ಟ.

*ಆರೋಪ 3: ಕಂಟ್ರೋಲರ್‌ನಲ್ಲಿ ಆಡುವವರಿಗಾಗಿ ಹೀಗಾಯಿತು.*

ಅರ್ಧ ನಿಜ. 'ನ್ಯೂ ವೇಗಸ್' ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ಗಳಲ್ಲೂ ಪೂರ್ತಿ ಸಾಲುಗಳ ಪಟ್ಟಿಯೊಂದಿಗೇ ಬಂದಿತ್ತು. 2023ರ 'ಬಾಲ್ಡರ್ಸ್ ಗೇಟ್ 3' ಕೂಡ ಹಾಗೆಯೇ. ಕಂಟ್ರೋಲರ್ ಅಡ್ಡಿಯಾಗಿದ್ದರೆ ಇವು ಆಡಲಾಗದ ಆಟಗಳಾಗಬೇಕಿತ್ತು.

*ಆರೋಪ 4: ಈಗಿನವರಿಗೆ ಓದುವ ತಾಳ್ಮೆ ಇಲ್ಲ.*

ಸುಳ್ಳು. 2019ರ 'ಡಿಸ್ಕೊ ಎಲಿಸಿಯಂ' ಆಟದಲ್ಲಿ 10 ಲಕ್ಷಕ್ಕೂ ಹೆಚ್ಚು ಪದಗಳಿವೆ, ಹೆಚ್ಚುಕಡಿಮೆ ಇಡೀ ಆಟವೇ ಮಾತು. ಅದು ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ನಾಲ್ಕು ಪ್ರಶಸ್ತಿ ಗೆದ್ದಿತು. 'ಬಾಲ್ಡರ್ಸ್ ಗೇಟ್ 3' 2023ರ ವರ್ಷದ ಆಟವಾಯಿತು.

*ಆರೋಪ 5: ಪೂರ್ತಿ ವಾಕ್ಯ ಕೊಟ್ಟರೆ ಎಲ್ಲ ಸರಿಹೋಗುತ್ತದೆ.*

ಅದೂ ಪೂರ್ತಿ ನಿಜವಲ್ಲ. ಬರಹದಲ್ಲಿ ದನಿ ಕಾಣುವುದಿಲ್ಲ. "ಆಹಾ, ಎಂಥ ಕೆಲಸ ಮಾಡಿದೆ" ಎಂಬ ಸಾಲು ಹೊಗಳಿಕೆಯೋ ಚುಚ್ಚುಮಾತೋ? ವಾಟ್ಸಾಪ್‌ನಲ್ಲಿ ಇಂಥ ಒಂದು ಸಾಲಿಗೆ ಮನೆಯಲ್ಲಿ ಮಾತು ಬಿಟ್ಟ ಉದಾಹರಣೆಗಳು ನಿಮಗೂ ಗೊತ್ತಿರಬಹುದು. ಮೂಕ ನಾಯಕನ ಆಟಗಳಲ್ಲೂ ಇದೇ ಆಗುತ್ತಿತ್ತು. ನೀವು ತಮಾಷೆ ಎಂದುಕೊಂಡು ಆರಿಸುತ್ತೀರಿ, ಎದುರಿನ ಪಾತ್ರ ಅವಮಾನ ಎಂದುಕೊಳ್ಳುತ್ತದೆ. ಈ ಗೊಂದಲ ತಪ್ಪಿಸಲೆಂದೇ 'ಡ್ರ್ಯಾಗನ್ ಏಜ್ 2' ಪ್ರತಿ ಆಯ್ಕೆಯ ಜೊತೆ ಸಮಾಧಾನ, ತಮಾಷೆ, ಸಿಟ್ಟು ಎಂದು ತೋರಿಸುವ ಪುಟ್ಟ ಚಿಹ್ನೆ ಇಟ್ಟಿತ್ತು.

ಹಾಗಾದರೆ ಅಭಿಮಾನಿಗಳಿಗೆ ನೋವಾದದ್ದು ಎಲ್ಲಿ?

ಇದಕ್ಕೆ ಒಳ್ಳೆಯ ಸಾಕ್ಷಿ ಒಂದು ಮಾಡ್. ಮಾಡ್ ಎಂದರೆ ಅಭಿಮಾನಿಗಳೇ ಆಟದ ಫೈಲ್‌ಗಳಲ್ಲಿ ಮಾಡಿ ಹಂಚುವ ಬದಲಾವಣೆ. 'ಫಾಲ್‌ಔಟ್ 4' ಬಿಡುಗಡೆಯಾದ ಕೆಲವೇ ವಾರಗಳಲ್ಲಿ, ಸುಳಿವಿನ ಬದಲು ನಾಯಕ ಹೇಳಲಿರುವ ಪೂರ್ತಿ ವಾಕ್ಯವನ್ನು ಮೊದಲೇ ತೋರಿಸುವ ಮಾಡ್ ಬಂತು, ಬಹಳ ಜನಪ್ರಿಯವೂ ಆಯಿತು. ಗಮನಿಸಿ, ಅದು ಒಂದೇ ಒಂದು ಹೊಸ ಆಯ್ಕೆಯನ್ನೂ ಸೇರಿಸಲಿಲ್ಲ. ನಾಲ್ಕಿದ್ದದ್ದು ನಾಲ್ಕೇ. ಕಥೆ ಬದಲಾಗಲಿಲ್ಲ, ಕೊನೆಯೂ ಬದಲಾಗಲಿಲ್ಲ. ಆದರೂ ಆಟಗಾರರಿಗೆ ನೆಮ್ಮದಿ ಸಿಕ್ಕಿತು.

ಇದರ ಅರ್ಥ ಸ್ಪಷ್ಟ. ಕೊರತೆ ಇದ್ದದ್ದು ಆಯ್ಕೆಗಳ ಸಂಖ್ಯೆಯಲ್ಲಿ ಮಾತ್ರವಲ್ಲ, ಆರಿಸುವ ಮೊದಲಿನ ತಿಳಿವಳಿಕೆಯಲ್ಲಿ. ನನ್ನ ಬಾಯಿಂದ ಏನು ಬರಲಿದೆ ಎಂದು ನನಗೇ ಗೊತ್ತಿಲ್ಲದಿದ್ದರೆ ಅದು ನಾನು ಆಡಿದ ಮಾತು ಹೇಗಾಗುತ್ತದೆ? ಫಲಿತಾಂಶ ಗೊತ್ತಿಲ್ಲದಿರುವುದು ಸಹಜ, ಬದುಕಿನಲ್ಲೂ ಹಾಗೆಯೇ. ಮಾತೇ ಗೊತ್ತಿಲ್ಲದಿರುವುದು ಬೇರೆ ವಿಷಯ.

'ವಿಚರ್'ನ ನಾಯಕ ಗೆರಾಲ್ಟ್ ಕಾದಂಬರಿಗಳಿಂದ ಬಂದ ಪಾತ್ರ, ಅವನಿಗೆ ಅವನದೇ ಸ್ವಭಾವವಿದೆ. ಅವನು ನಮ್ಮನ್ನು ಬೆಚ್ಚಿಬೀಳಿಸಿದರೂ ಸಹಿಸಿಕೊಳ್ಳುತ್ತೇವೆ. 'ಫಾಲ್‌ಔಟ್'ನಲ್ಲಿ ಹೆಸರು, ಮುಖ, ಗುಣ ಎಲ್ಲವನ್ನೂ ಆಟಗಾರರೇ ರೂಪಿಸುತ್ತಾರೆ. ಅಂಥ ಪಾತ್ರ ಅವರು ಅಂದುಕೊಳ್ಳದ ಮಾತಾಡಿದರೆ ಹೆಚ್ಚು ಚುಚ್ಚುತ್ತದೆ.

ಕನ್ನಡದವರಿಗೆ ಇಲ್ಲಿ ಇನ್ನೊಂದು ಸುತ್ತು ಕಷ್ಟವಿದೆ. ಈ ಆಟಗಳಾವುವೂ ಅಧಿಕೃತವಾಗಿ ಕನ್ನಡದಲ್ಲಿ ಬಂದಿಲ್ಲ. ನಮ್ಮ ಹುಡುಗರು ಆಡುವುದು ಹೆಚ್ಚಾಗಿ ಇಂಗ್ಲಿಷ್‌ನಲ್ಲೇ. ಪೂರ್ತಿ ವಾಕ್ಯವಿದ್ದರೆ ಗೊತ್ತಿಲ್ಲದ ಪದವನ್ನೂ ಸಂದರ್ಭದಿಂದ ಊಹಿಸಬಹುದು. ಎರಡೇ ಪದದ ಸುಳಿವಿನಲ್ಲಿ ಊಹಿಸಲು ಏನೂ ಇರುವುದಿಲ್ಲ. 'ಸುಲಭ' ಮಾಡಲು ಚಿಕ್ಕದಾಗಿಸಿದ್ದು ಇಂಗ್ಲಿಷ್ ಮನೆಮಾತಲ್ಲದವರಿಗೆ ಕಷ್ಟವಾಗುವುದು ಹೀಗೆ.

ಆಮೇಲೆ ಏನಾಯಿತು?

'ಫಾಲ್‌ಔಟ್ 4'ರ ಸಂಭಾಷಣೆಯ ಪ್ರಯೋಗ ಆಟದ ಉಳಿದ ಭಾಗಗಳಷ್ಟು ಚೆನ್ನಾಗಿ ಬರಲಿಲ್ಲ ಎಂದು ಅದರ ನಿರ್ದೇಶಕ ಟಾಡ್ ಹಾವರ್ಡ್ 2016ರಲ್ಲೇ ಒಪ್ಪಿಕೊಂಡರು. ಅದೇ ಕಂಪನಿಯ 2023ರ 'ಸ್ಟಾರ್‌ಫೀಲ್ಡ್'ನಲ್ಲಿ ನಾಯಕ ಮತ್ತೆ ಮೂಕನಾದ, ಪೂರ್ತಿ ವಾಕ್ಯಗಳ ಪಟ್ಟಿ ಮರಳಿತು. ಹಾಗೆಂದು ಚಕ್ರ ಸತ್ತಿಲ್ಲ; 2024ರ 'ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್'ನಲ್ಲಿ ಚಕ್ರವೂ ಇದೆ, ಚಿಹ್ನೆಗಳೂ ಇವೆ. ನಡುದಾರಿಯೂ ಉಂಟು. 2011ರ 'ಡ್ಯೂಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್'ನಲ್ಲಿ ಚಿಕ್ಕ ಸುಳಿವಿನ ಮೇಲೆ ನಿಂತರೆ ನಾಯಕ ಆಡಲಿರುವ ಮಾತು ಕಾಣುತ್ತಿತ್ತು. ದನಿಯೂ ಉಳಿಯಿತು, ತಿಳಿದು ಆರಿಸುವುದೂ ಉಳಿಯಿತು.

ಒಟ್ಟಿನಲ್ಲಿ

ಆ ತಮಾಷೆ ಮುಂದೆ ಬಂದರೆ ನಗಲು ಅಡ್ಡಿಯಿಲ್ಲ. ಅದರ ಜೊತೆ ಬರುವ 'ಈಗಿನವರಿಗೆ ಓದಲು ಬಾರದು' ಎಂಬ ಮಾತನ್ನು ಮಾತ್ರ ಅಲ್ಲೇ ಬಿಡಿ. ಯಾವುದೇ ಆಟದ ಮಾತುಕತೆಯನ್ನು ಅಳೆಯಲು ಮೂರು ಪ್ರಶ್ನೆ ಸಾಕು. ನಾನು ಏನು ಹೇಳಲಿದ್ದೇನೆ ಎಂದು ಮೊದಲೇ ಗೊತ್ತಾಗುತ್ತದೆಯೇ? ನಾನು ರೂಪಿಸಿದ ಪಾತ್ರಕ್ಕೆ ಆ ಮಾತು ಒಪ್ಪುತ್ತದೆಯೇ? ಹೇಳಿದ ಮೇಲೆ ಏನಾದರೂ ಬದಲಾಗುತ್ತದೆಯೇ? ಮೂರಕ್ಕೂ ಹೌದು ಎಂದಾದರೆ ಆಯ್ಕೆ ಎರಡೇ ಇದ್ದರೂ ಸಾಕು. ಮೂರಕ್ಕೂ ಇಲ್ಲ ಎಂದಾದರೆ ಇಪ್ಪತ್ತಿದ್ದರೂ ಲೆಕ್ಕಕ್ಕಿಲ್ಲ.