ಹೊಸ್ತಿಲು ದಾಟುವ ಹೊಗೆ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಪರಿಚಿತ ಗೃಹಿಣಿಯೊಬ್ಬರು ಆರನೆಯ ತರಗತಿಯ ಮಗಳ ಕೈಹಿಡಿದು ನನ್ನ ಮನೆಗೆ ಬಂದರು. ನಮ್ಮ ಸೀಮೆಯ ಪಟ್ಟಣವೊಂದರಲ್ಲಿ ಸರಕಾರ ಕಟ್ಟಿಸಿಕೊಟ್ಟ ಬಹುಮಹಡಿ ಮನೆಗಳಲ್ಲಿ ಅವರ ವಾಸ. “ಅಣ್ಣಾ, ಪೊಲೀಸರಿಗೆ ಒಂದು ಅರ್ಜಿ ಬರೆದುಕೊಡಬೇಕು” ಎಂದರು. ಯಾರ ಮೇಲೆ ಎಂದು ಕೇಳಿದೆ. “ಮೇಲಿನ ಮನೆ ತಾತನ ಮೇಲೆ” ಎನ್ನುವಾಗ ಅವರ ದನಿ ತಗ್ಗಿತು. ತಾತ ಕೆಟ್ಟವರಲ್ಲವೆಂದೂ, ಹಬ್ಬಕ್ಕೆ ಹೋಳಿಗೆ ಕೊಟ್ಟುಕಳಿಸುವ ಮನೆಯವರೆಂದೂ ಕೂಡಲೇ ಸೇರಿಸಿದರು.

ಸಂಗತಿ ಇಷ್ಟು. ಮನೆಯಲ್ಲಿರುವುದು ಒಂದೇ ಕೋಣೆ; ಸಂಜೆ ಅಲ್ಲಿ ಟಿವಿ, ಚಿಕ್ಕ ಮಗುವಿನ ಅಳು, ಅಡುಗೆಯ ಗದ್ದಲ. ಹುಡುಗಿ ಪುಸ್ತಕ ಹಿಡಿದು ಮೆಟ್ಟಿಲ ತಿರುವಿನ ದೀಪದ ಕೆಳಗೆ ಕೂರುತ್ತಾಳೆ. ತಾತನಿಗೂ ಮನೆಯೊಳಗೆ ಬೀಡಿ ಸೇದುವುದನ್ನು ಸೊಸೆ ಬಿಡಿಸಿದ್ದಾಳೆ. ಅವರೂ ಬಂದು ಅದೇ ತಿರುವಿನಲ್ಲಿ ಕೂರುತ್ತಾರೆ. ಹುಡುಗಿಗೆ ಉಬ್ಬಸ. ಮೆಟ್ಟಿಲಿಗೆ ಬರಲು ಇಬ್ಬರಿಗೂ ನ್ಯಾಯವಾದ ಕಾರಣವಿದೆ. ಆದರೆ ಒಬ್ಬರ ಹೊಗೆ ಇನ್ನೊಬ್ಬರ ಎದೆಗೆ ಹೋಗುತ್ತಿದೆ.

ಅರ್ಜಿ ಬರೆಯುವ ಮುನ್ನ ಕಾನೂನು ಏನನ್ನುತ್ತದೆ ಎಂದು ನೋಡೋಣವೆಂದೆ. 2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯಿದೆಯ 4ನೆಯ ಕಲಮು ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನು ನಿಷೇಧಿಸುತ್ತದೆ. ಅದನ್ನು ಕಾರ್ಯರೂಪಕ್ಕೆ ತಂದ ನಿಯಮಾವಳಿ 2008ರ ಅಕ್ಟೋಬರ್ 2ರಿಂದ, ಗಾಂಧಿ ಜಯಂತಿಯ ದಿನದಿಂದ, ಜಾರಿಯಲ್ಲಿದೆ. ದಂಡ ಹೆಚ್ಚೆಂದರೆ 200 ರೂಪಾಯಿ. ನಮ್ಮ ಗಡಿಯ ವಿಚಿತ್ರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಕರ್ನಾಟಕ ತನ್ನ ಮಟ್ಟಿಗೆ ಈ ಕಾಯಿದೆಯನ್ನು ತಿದ್ದಿಕೊಂಡಿದೆ. 2025ರಿಂದ ಅಲ್ಲಿ ದಂಡ 1,000 ರೂಪಾಯಿಯವರೆಗೆ, ತಂಬಾಕು ಕೊಳ್ಳಲು ಕನಿಷ್ಠ ವಯಸ್ಸು 21. ನಮ್ಮ ಕಡೆ ವಯಸ್ಸು 18ರಲ್ಲೇ ಇದೆ. ರಾಯದುರ್ಗದಲ್ಲಿ ಬಸ್ಸು ಹತ್ತಿ ಮೊಳಕಾಲ್ಮೂರಿನಲ್ಲಿ ಇಳಿಯುವಷ್ಟರಲ್ಲಿ ಅದೇ ಬೀಡಿಯ ದಂಡ ಐದು ಪಟ್ಟಾಗಿರುತ್ತದೆ.

ಸಾರ್ವಜನಿಕ ಸ್ಥಳವೆಂದರೆ ಯಾವುದು? ಹಕ್ಕಿನಿಂದಾಗಲಿ ಅಲ್ಲದೆಯಾಗಲಿ ಜನರಿಗೆ ಪ್ರವೇಶವಿರುವ ಜಾಗ ಎನ್ನುತ್ತದೆ ಕಾಯಿದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯ, ಗ್ರಂಥಾಲಯ, ಹೋಟೆಲು, ಸಾರಿಗೆ ವಾಹನ ಮುಂತಾದವನ್ನು ಹೆಸರಿಸುತ್ತದೆ. ವಾಸದ ಮನೆಯ ಹೆಸರು ಅಲ್ಲಿಲ್ಲ. ಹೊಸ್ತಿಲ ಬಳಿ ಕಾಯಿದೆ ನಿಂತುಬಿಡುತ್ತದೆ. ಆದರೆ ಸಮುಚ್ಚಯದ ಮೆಟ್ಟಿಲು ಯಾರ ಮನೆಯೂ ಅಲ್ಲ. ಹಾಲಿನವನು, ಅಂಚೆಯವನು, ಗ್ಯಾಸಿನ ಸಿಲಿಂಡರು ಹೊತ್ತವನು, ನೆಂಟರಿಷ್ಟರು ಎಲ್ಲರೂ ಹತ್ತಿ ಇಳಿಯುವ ದಾರಿ ಅದು. 2008ರ ನಿಯಮಗಳು ಒಂದಕ್ಕಿಂತ ಹೆಚ್ಚು ಅಂತಸ್ತಿರುವ ಸಾರ್ವಜನಿಕ ಕಟ್ಟಡದಲ್ಲಿ ಮೆಟ್ಟಿಲೂ ಸೇರಿದಂತೆ ಪ್ರತಿ ಅಂತಸ್ತಿನಲ್ಲಿ ಎಚ್ಚರಿಕೆಯ ಫಲಕವಿರಬೇಕೆಂದು ಸ್ಪಷ್ಟವಾಗಿ ಹೇಳುತ್ತವೆ. ಆದುದರಿಂದ ಮೆಟ್ಟಿಲು ಕಾಯಿದೆಯ ಹಿಡಿತದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಆದರೂ ‘ಸಾಮಾನ್ಯ ಜನರು ಭೇಟಿ ಕೊಡುವ’ ಎಂಬ ಮಾತನ್ನು ಹಿಡಿದು, ಬರುವವರೆಲ್ಲ ನಿವಾಸಿಗಳ ಅತಿಥಿಗಳೇ ಹೊರತು ಸಾಮಾನ್ಯ ಜನರಲ್ಲ ಎಂದು ಎದುರು ವಕೀಲ ವಾದಿಸಬಹುದು. ತಾತನ ಪರ ನಿಂತಿದ್ದರೆ ನಾನೇ ಹಾಗೆ ವಾದಿಸುತ್ತಿದ್ದೆ.

ಇನ್ನೊಂದು ದಾರಿಯೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 280ನೆಯ ಕಲಮು, ನೆರೆಹೊರೆಯಲ್ಲಿ ವಾಸಿಸುವವರ ಆರೋಗ್ಯಕ್ಕೆ ಹಾನಿಯಾಗುವಂತೆ ಬೇಕೆಂದೇ ವಾತಾವರಣ ಕೆಡಿಸುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ಆದರೆ ಅರವತ್ತೆಂಟರ ವೃದ್ಧರೊಬ್ಬರನ್ನು ಒಂದು ಬೀಡಿಗಾಗಿ ಠಾಣೆಯ ಬೆಂಚಿನ ಮೇಲೆ ಕೂರಿಸಿ ಮರುದಿನದಿಂದ ಅದೇ ಮೆಟ್ಟಿಲಲ್ಲಿ ಅವರ ಮುಖ ನೋಡುತ್ತ ಬದುಕುವುದು ಹೇಗೆ? ಇದನ್ನು ಕೇಳಿದಾಗ ಆ ತಾಯಿ ಉತ್ತರಿಸಲಿಲ್ಲ.

ಈ ಉಪದೇಶಕ್ಕೆ ನನ್ನ ಅರ್ಹತೆಯೇನೆಂದು ಕೆಲವರು ಕೇಳಬಹುದು. ಕೇಳಲಿ. 2001ರ ನವೆಂಬರ್ 2ರಂದು ಸರ್ವೋಚ್ಚ ನ್ಯಾಯಾಲಯ ಮುರಳಿ ದೇವರಾ ಅವರ ಅರ್ಜಿಯ ಮೇಲೆ ಆಸ್ಪತ್ರೆ, ಶಾಲೆ, ನ್ಯಾಯಾಲಯದ ಕಟ್ಟಡ, ಸಾರ್ವಜನಿಕ ವಾಹನಗಳಲ್ಲಿ ಧೂಮಪಾನ ನಿಷೇಧಿಸಿದಾಗ ನಾನು ಕಾನೂನು ವಿದ್ಯಾರ್ಥಿ. ಸೇದದವನ ಬದುಕುವ ಹಕ್ಕು ಸೇದುವವನ ಹೊಗೆಯಿಂದ ಕುಗ್ಗಬಾರದೆಂಬ ಆ ತರ್ಕವನ್ನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದೆ. ಅನಂತರ ಏಳೆಂಟು ವರ್ಷ ಕರಿಕೋಟು ತೊಟ್ಟು ನ್ಯಾಯಾಲಯದ ಹಿಂಬದಿಯ ಪಡಸಾಲೆಯಲ್ಲಿ ಸಿಗರೇಟು ಸೇದಿದೆ. ಯಾರೂ ದಂಡ ಹಾಕಲಿಲ್ಲ. ಬಿಟ್ಟಿದ್ದು ಕಾನೂನಿನ ಭಯದಿಂದಲ್ಲ, ಮಗಳು ನನ್ನ ಅಂಗಿಗೆ ಮುಖವಿಡಲು ಒಲ್ಲೆನೆಂದಾಗ.

ಸರಕಾರಿ ವಸತಿಯಲ್ಲಿ ಮನೆಯೊಳಗೂ ಧೂಮಪಾನ ನಿಷೇಧಿಸಿದ ದೊಡ್ಡ ಪ್ರಯೋಗ ಅಮೆರಿಕದ್ದು. ಅಲ್ಲಿನ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ 2016ರ ಡಿಸೆಂಬರಿನಲ್ಲಿ ನಿಯಮ ಹೊರಡಿಸಿ, 2018ರ ಜುಲೈ 30ರೊಳಗೆ ಜಾರಿ ಮಾಡಬೇಕೆಂದು ಸ್ಥಳೀಯ ವಸತಿ ಸಂಸ್ಥೆಗಳಿಗೆ ಹದಿನೆಂಟು ತಿಂಗಳ ಗಡುವು ಕೊಟ್ಟಿತು. ಒಂಬತ್ತು ಲಕ್ಷಕ್ಕೂ ಹೆಚ್ಚು ಮನೆಗಳು ಇದರ ವ್ಯಾಪ್ತಿಗೆ ಬಂದವು. ಮನೆಯೊಳಗೆ, ಪಡಸಾಲೆಯಲ್ಲಿ, ಕಟ್ಟಡದಿಂದ 25 ಅಡಿಯೊಳಗೆ ಎಲ್ಲಿಯೂ ಸೇದುವಂತಿಲ್ಲ. ಬಾಡಿಗೆ ಕರಾರಿನಲ್ಲಿಯೇ ಈ ಷರತ್ತು ಸೇರಿತು. ಬಡವರನ್ನು ಮನೆಯಿಂದ ಹೊರಹಾಕಲು ಇದೊಂದು ನೆಪವಾಗುತ್ತದೆಂದು ಅನೇಕರು ಭಯಪಟ್ಟರು. ಆ ಭಯ ಸಕಾರಣವಾದದ್ದೇ. ಆದ್ದರಿಂದ ಇಲಾಖೆ ಮೊದಲು ಮಾತಿನ ಎಚ್ಚರಿಕೆ, ಆಮೇಲೆ ಲಿಖಿತ ಎಚ್ಚರಿಕೆ, ಜೊತೆಗೆ ಬಿಡಲು ನೆರವು ಎಂಬ ಹಂತಹಂತದ ಕ್ರಮವನ್ನು ಪ್ರೋತ್ಸಾಹಿಸಿತು. ಹೊರಹಾಕುವುದು ಕಟ್ಟಕಡೆಯ ಮಾತು. ಸಿಂಗಪುರ ಅಷ್ಟು ದೂರ ಹೋಗಲಿಲ್ಲ. 2013ರ ಜನವರಿಯಿಂದ ಅಲ್ಲಿ ವಸತಿ ಕಟ್ಟಡಗಳ ಮೆಟ್ಟಿಲು, ಪಡಸಾಲೆ, ನೆಲಮಹಡಿಯ ತೆರೆದ ಅಂಗಳಗಳಲ್ಲಿ ನಿಷೇಧವಿದೆ, ಮನೆಯೊಳಗೆ ಇಲ್ಲ.

ಅಮೆರಿಕದ ಅಳತೆಗೋಲು ನಮ್ಮಲ್ಲಿ ನಿಲ್ಲುವುದಿಲ್ಲ. ಕಳೆದ ಸರಕಾರದ ಕಾಲದಲ್ಲಿ ಹಳ್ಳಿಯ ಬಡವರಿಗೆ ಹಂಚಿದ್ದು ಒಂದೂವರೆ ಸೆಂಟು, ಎಂದರೆ ಸುಮಾರು 650 ಚದರಡಿ ನಿವೇಶನ. ಪಟ್ಟಣದಲ್ಲಿ ಒಂದು ಸೆಂಟು. ಮಡಕಶಿರಾದ ಕಡೆ (ಜಿಲ್ಲೆ ಬೇರೆಯಾದರೂ ನಮ್ಮ ಓದುಗರು ಒಂದೇ) ಅಂಥ ಬಡಾವಣೆಯೊಂದರಲ್ಲಿ ನಿಂತು ಹೆಜ್ಜೆ ಎಣಿಸಿದೆ. ತನ್ನ ಬಾಗಿಲಿಂದ 25 ಅಡಿ ನಡೆದವನು ಎದುರು ಮನೆಯ ಅಡುಗೆಮನೆಯಲ್ಲಿರುತ್ತಾನೆ! ಬಾಡಿಗೆ ಕರಾರೂ ನಮ್ಮಲ್ಲಿಲ್ಲ. ಮನೆ ಫಲಾನುಭವಿಯ ಸ್ವಂತದ್ದು. ಷರತ್ತು ಹಾಕಲು ಯಾವ ಅಧಿಕಾರಿಗೂ ಕಾಗದದ ಬಲವಿಲ್ಲ.

ಆದರೆ ಆ ಕಾಗದವನ್ನೇ ಒಮ್ಮೆ ತೆರೆದು ಓದಿ. ನಮ್ಮ ಬಡಾವಣೆಗಳ ಪಟ್ಟಾಗಳು ಮನೆಯ ಹೆಣ್ಣುಮಕ್ಕಳ ಹೆಸರಿನಲ್ಲಿವೆ. ಪೆಟ್ಟಿಗೆಯ ಅಡಿಯಲ್ಲಿ ಮಡಿಚಿಟ್ಟ ಆ ಪತ್ರ, ಬ್ಯಾಂಕಿನ ಸಾಲಕ್ಕೋ ಕಂತಿಗೋ ಮಾತ್ರ ಹೊರಬರುತ್ತದೆ. ಒಳಗೆ ಕೂತು ಬೀಡಿ ಹಚ್ಚುವ ಗಂಡ ಕಾನೂನಿನ ಪ್ರಕಾರ ಹೆಂಡತಿಯ ಮನೆಯಲ್ಲಿ ಕೂತಿದ್ದಾನೆ. ‘ನನ್ನ ಮನೆಯೊಳಗೆ ಬೇಡ’ ಎನ್ನುವ ಹಕ್ಕು ಅಮೆರಿಕದಲ್ಲಿ ವಸತಿ ಇಲಾಖೆಯದಾದರೆ ಇಲ್ಲಿ ಪಟ್ಟಾದಾರಳಾದ ತಾಯಿಯದು. ಹಾಗೆ ಹೇಳಿದವಳಿಗೆ ಏನಾಗುತ್ತದೆಂಬುದು ನನಗೆ ತಿಳಿಯದ ಸಂಗತಿಯಲ್ಲ, ಕೌಟುಂಬಿಕ ಪ್ರಕರಣಗಳೇ ನನ್ನ ಅರ್ಧ ಅನ್ನ. ಆದರೆ ಒಬ್ಬಳೇ ಹೇಳುವುದಕ್ಕೂ ಒಂದು ಮೆಟ್ಟಿಲಿನ ಎಲ್ಲ ಪಟ್ಟಾದಾರರೂ ಕೂಡಿ ಹೇಳುವುದಕ್ಕೂ ಅಂತರವುಂಟು.

ನಾವು ಮಾಡಿದ್ದು ಅದನ್ನೇ. ಅರ್ಜಿಯ ಬದಲು ಒಂದು ಪುಟದ ಒಪ್ಪಂದ ಬರೆದೆ, ಕನ್ನಡದಲ್ಲಿ. ಮೆಟ್ಟಿಲು ಮತ್ತು ತಿರುವುಗಳಲ್ಲಿ ಯಾರೂ, ಅತಿಥಿಗಳೂ ಸೇರಿ, ಸೇದತಕ್ಕದ್ದಲ್ಲ. ಸೇದುವವರಿಗೆ ಅಂಗಳದ ಬೇವಿನಮರದ ಕೆಳಗೆ ಕಲ್ಲುಬೆಂಚು (ಬಯಲು ಜಾಗ ಕಾಯಿದೆಯ ನಿಷೇಧದ ಹೊರಗಿದೆ). ತಪ್ಪಿದವರಿಗೆ ದಂಡವಿಲ್ಲ, ಆ ಮೆಟ್ಟಿಲಿನ ಇಬ್ಬರು ಹಿರಿಯ ಹೆಂಗಸರು ಹೋಗಿ ಮಾತಾಡತಕ್ಕದ್ದು. ಇನ್ನೊಂದು ಕರಾರನ್ನು ಸೇರಿಸಬೇಕೆಂದು ಪಟ್ಟು ಹಿಡಿದೆ: ಬೀಡಿ ತರಲು ಮಕ್ಕಳನ್ನು ಅಂಗಡಿಗೆ ಕಳಿಸಕೂಡದು. ಹದಿನೆಂಟು ತುಂಬದವರಿಗೆ ತಂಬಾಕು ಮಾರುವುದು ಅಪರಾಧವೆಂಬುದನ್ನು ಹಲವರು ಬಲ್ಲರು. ಆದರೆ 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮಿನ ಪ್ರಕಾರ ಮಗುವಿಗೆ ತಂಬಾಕು ಕೊಟ್ಟವರಿಗೆ ಏಳು ವರ್ಷಗಳವರೆಗೆ ಕಠಿಣ ಸಜೆಯುಂಟೆಂದು ಓದಿ ಹೇಳಿದಾಗ ಸಭೆ ನಿಶ್ಶಬ್ದವಾಯಿತು. “ನಮ್ಮ ಹುಡುಗ ದಿನಾ ತರ್ತಾನಲ್ಲಪ್ಪಾ” ಎಂದು ಹಿಂದಿನಿಂದ ಒಬ್ಬರು.

ತಾತನೂ ಸಭೆಗೆ ಬಂದಿದ್ದರು. ಸುಮ್ಮನೆ ಒಪ್ಪುವವರಲ್ಲ. “ವಕೀಲರೇ, ಇವರು ಹಿತ್ತಲಲ್ಲಿ ಹಂಡೆ ಒಲೆಗೆ ಪ್ಲಾಸ್ಟಿಕ್ಕು ತುರುಕ್ತಾರಲ್ಲ, ಆ ಹೊಗೆಗೆ ಯಾವ ಕಾಯಿದೆ?” ಎಂದರು. ಸರಿಯಾದ ಪ್ರಶ್ನೆ. ಒಪ್ಪಂದದಲ್ಲಿ ಪ್ಲಾಸ್ಟಿಕ್ಕು ಸುಡಬಾರದೆಂಬ ಸಾಲೂ ಸೇರಿತು, ಅವರ ಹೆಸರಿನಲ್ಲಿಯೇ ಸೂಚಿಸಲ್ಪಟ್ಟು. ಆಮೇಲೆ ತಮ್ಮ ಮಂಡಿನೋವಿನ ಮಾತು ತೆಗೆದರು. ಲಿಫ್ಟಿಲ್ಲದ ಕಟ್ಟಡ, ಎರಡನೆಯ ಮಹಡಿಯಿಂದ ದಿನಕ್ಕೆ ಹತ್ತು ಸಲ ಇಳಿದು ಹತ್ತುವುದು ಆಗದ ಮಾತು. ಹುಡುಗಿಯ ತಾಯಿ ಎದ್ದು, ಇಳಿಯುವಾಗ ಹತ್ತುವಾಗ ತನ್ನ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿರುತ್ತೇನೆ, ಕೂತು ಸುಧಾರಿಸಿಕೊಳ್ಳಿ ಎಂದರು. ಅಷ್ಟು ನಾನು ಯೋಚಿಸಿರಲಿಲ್ಲ.

ಹದಿನಾರು ಮನೆಗಳಲ್ಲಿ ಹದಿನಾಲ್ಕು ಸಹಿ ಹಾಕಿದವು. ಇಬ್ಬರು ಗಂಡಸರು ತಮ್ಮ ಹೆಂಡಿರ ಕೈಗೆ ಪೆನ್ನು ಕೊಡಲಿಲ್ಲ. ಆರು ವಾರಗಳಾದವು. ತಾತ ಈಗ ದಿನಕ್ಕೆ ನಾಲ್ಕೈದು ಸಲ ಇಳಿಯುತ್ತಾರಂತೆ, ಬೀಡಿಯೂ ಅಷ್ಟೇ ಆಗಿದೆಯಂತೆ. ಮಳೆ ಬಂದ ಎರಡು ಸಂಜೆ ಮೆಟ್ಟಿಲಲ್ಲೇ ಸೇದಿದರಂತೆ. ಸಹಿ ಹಾಕದ ಮನೆಯೊಂದರಿಂದ ಹೊಗೆ ಇನ್ನೂ ಬರುತ್ತಿದೆ. ಕಿಟಕಿ ತೆರೆದಿಟ್ಟರೆ ಸಾಕೆಂದು ಆ ಮನೆಯವರ ವಾದ. ಪರರ ಹೊಗೆಗೆ ನಿರಪಾಯವಾದ ಪ್ರಮಾಣವೆಂಬುದಿಲ್ಲವೆಂದು ಅಮೆರಿಕದ ಸರ್ಜನ್ ಜನರಲ್ 2006ರಲ್ಲಿಯೇ ವರದಿ ಮಾಡಿದ್ದನ್ನು ಹೇಳಿ ನೋಡಿದೆ, ಪ್ರಯೋಜನವಾಗಲಿಲ್ಲ. ದೇಶದ ಸಮೀಕ್ಷೆಯ ಪ್ರಕಾರ ಮನೆಯಲ್ಲಿ ಪರರ ಹೊಗೆ ಕುಡಿಯುವ ವಯಸ್ಕರು 2009-10ರಲ್ಲಿ ನೂರಕ್ಕೆ 52ರಷ್ಟಿದ್ದವರು 2016-17ಕ್ಕೆ 39ಕ್ಕೆ ಇಳಿದರು. ಅದು ಪೊಲೀಸರು ಮನೆಗೆ ನುಗ್ಗಿ ಇಳಿಸಿದ್ದಲ್ಲ.

ಉಳಿದದ್ದು ಫಲಕ. ನಿಯಮದಂತೆ 60 ಸೆಂಟಿಮೀಟರ್ ಉದ್ದ, 30 ಅಗಲ, ಬಿಳಿಯ ಹಿನ್ನೆಲೆ. ಆಯಾ ಪ್ರದೇಶಕ್ಕೆ ಒಪ್ಪುವ ಭಾರತೀಯ ಭಾಷೆಯಲ್ಲಿ ಬರೆಯಲು ಅವಕಾಶವಿರುವುದರಿಂದ, ನಮ್ಮ ಮನೆಗಳ ಮೆಟ್ಟಿಲಿಗೆ ಕನ್ನಡದಲ್ಲಿ ಬರೆಸಿ ಎಂದು ಹೇಳಿದ್ದೆ. ಕೆಳಗೆ ತೆಲುಗಿನಲ್ಲೂ ಇರಲೆಂದು ನಿವಾಸಿಗಳೇ ನಿರ್ಧರಿಸಿದರು. ಬೋರ್ಡು ಬರೆಯುವವನು ಬಂದು ಬಣ್ಣ ಹಚ್ಚಿ ‘ದೂಮಪಾನ ನಿಷೇಧಿಸಲಾಗಿದೆ’ ಎಂದು ದಪ್ಪಕ್ಷರದಲ್ಲಿ ಬರೆದು ಮೆಟ್ಟಿಲಿಳಿಯುತ್ತಿದ್ದ. ತಿರುವಿನಲ್ಲಿ ಕೂತಿದ್ದ ಹುಡುಗಿ ಪುಸ್ತಕ ಮಡಿಚಿ, “ಅಣ್ಣಾ, ಅದು ಮಹಾಪ್ರಾಣ” ಎಂದು ಅವನನ್ನು ಮರಳಿ ಹತ್ತಿಸಿದಳು.