ಬಸ್ಸಿನ ಕಿಟಕಿಗೆ ಮೂರು ಟ್ಯೂಬು ಸಿಲಿಕೋನ್

ಗೆಳೆಯನೊಬ್ಬ ಹಳೇ ಬಸ್ಸನ್ನೇ ಮನೆ ಮಾಡ್ಕೊಂಡಿದ್ದಾನೆ. ಹೋದ ಜುಲೈಯಲ್ಲಿ ಪುತ್ತೂರಿಂದ ಸುಳ್ಯಕ್ಕೆ ಅದರಲ್ಲೇ ಹೋದ್ವಿ. ತಲುಪೋಷ್ಟರಲ್ಲಿ ಹಾಸಿಗೆಯೆಲ್ಲಾ ಒದ್ದೆ! ಕಡಬಕ್ಕೆ ಹೋಗೋ ಪ್ಲಾನು ಅಲ್ಲಿಗೇ ನಿಂತಿತು.

"ಮೂರು ಟ್ಯೂಬು ಸಿಲಿಕೋನ್ ಬಳಿದಿದ್ದೇನೆ ಮಾರಾಯಾ" ಅಂದ. ತಪ್ಪಾಗಿದ್ದೇ ಅಲ್ಲಿ. ಜಾರುಗಾಜಿನ ಕೆಳಹಳಿಯ ನೀರು ಹೊರಹೋಗಲೆಂದೇ ಸಣ್ಣ ತೂತುಗಳಿರುತ್ತವೆ, ಇವನು ಅವನ್ನೂ ಮುಚ್ಚಿಬಿಟ್ಟಿದ್ದ. ನೀರು ಒಳಗೆ ಬರದೆ ಇನ್ನೆಲ್ಲಿಗೆ ಹೋಗ್ಬೇಕು?

ನನ್ನ ಕೇಳಿದ್ರೆ ಗಾಜು ಬಿಚ್ಚಿ, ತುಕ್ಕು ಕೆರೆದು, ಪ್ರೈಮರ್ ಹಚ್ಚಿ, ಹೊಸ ರಬ್ಬರ್ ಕೂರಿಸೋದೇ ಸರಿ. ಅದೂ ನಮ್ಮ ತೋಟದ ರಬ್ಬರಲ್ಲ (ಅದು ಬಿಸಿಲಿಗೆ ಬೇಗ ಬಿರುಕು ಬಿಡುತ್ತೆ), ಇಪಿಡಿಎಂ ಅನ್ನೋ ಕೃತಕ ರಬ್ಬರು. ಹಾಸಿಗೆ ಪಕ್ಕದ ಎರಡು ಕಿಟಕಿಗೆ ತಗಡು ಹೊಡೆದರೂ ಅಡ್ಡಿಯಿಲ್ಲ. ಎಲ್ಲಾ ಮುಚ್ಚಿದ್ರೆ ಮಾತ್ರ ನಮ್ಮೂರ ಸೆಖೆಗೆ ಬೂಷ್ಟು ಹಿಡಿಯೋದು ಹಾಸಿಗೆಗಲ್ಲ, ಮಲಗಿದವನಿಗೇ :)