ಮೊದಲ ದಲಿತ ಕಾರ್ಡಿನಲ್: ಕೆಂಪು ಟೋಪಿ ಸಿಕ್ಕಿತು, ಸಮಾನತೆ?

ಹೊಸ ಪೋಪ್ ಆಯ್ಕೆಗಾಗಿ 2025ರ ಮೇ ತಿಂಗಳಲ್ಲಿ ವ್ಯಾಟಿಕನ್‌ನಲ್ಲಿ ಮತ ಹಾಕಿದ ಕಾರ್ಡಿನಲ್‌ಗಳಲ್ಲಿ ನಾಲ್ವರು ಭಾರತೀಯರು. ಅವರಲ್ಲೊಬ್ಬರು ಹೈದರಾಬಾದ್ ಆರ್ಚ್‌ಬಿಷಪ್ ಆಂಥೋನಿ ಪೂಲಾ. 2022ರ ಆಗಸ್ಟ್ 27ರಂದು ಪೋಪ್ ಫ್ರಾನ್ಸಿಸ್ ಅವರಿಂದ ಕೆಂಪು ಟೋಪಿ ಪಡೆದ ಅವರು, ಭಾರತದ ಮೊದಲ ದಲಿತ ಕಾರ್ಡಿನಲ್. ಈ ಸ್ಥಾನಕ್ಕೇರಿದ ಮೊದಲ ತೆಲುಗರೂ ಹೌದು. ದೇಶಕ್ಕೆ ಮೊದಲ ಕಾರ್ಡಿನಲ್ ಪದವಿ ಒಲಿದದ್ದು 1953ರಲ್ಲಿ, ಬಾಂಬೆಯ ವಲೇರಿಯನ್ ಗ್ರೇಷಿಯಸ್ ಅವರಿಗೆ. ಆ ಸಾಲಿಗೆ ದಲಿತರೊಬ್ಬರು ಸೇರಲು 69 ವರ್ಷ ಬೇಕಾಯಿತು.

ಪೂಲಾ ಹುಟ್ಟಿದ್ದು 1961ರ ನವೆಂಬರ್ 15ರಂದು, ಅಂದಿನ ಕರ್ನೂಲು ಜಿಲ್ಲೆಯ ಪೋಲೂರಿನಲ್ಲಿ. ಬಡತನದಿಂದಾಗಿ ಏಳನೇ ತರಗತಿಗೇ ಓದು ನಿಂತಿತ್ತು. ಮಿಷನರಿಗಳ ನೆರವಿನಿಂದ ಮತ್ತೆ ಶಾಲೆ ಸೇರಿದರು. ಮುಂದೆ ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿಯಲ್ಲಿ ಕಲಿತು, 1992ರಲ್ಲಿ ಕಡಪದಲ್ಲಿ ಪಾದ್ರಿಯಾದರು. 2008ರಲ್ಲಿ ಕರ್ನೂಲಿನ ಬಿಷಪ್, 2020ರಲ್ಲಿ ಹೈದರಾಬಾದ್‌ನ ಆರ್ಚ್‌ಬಿಷಪ್ ಹುದ್ದೆ ಅವರನ್ನು ಅರಸಿ ಬಂತು.

ಒಬ್ಬರು ಮೇಲೇರಿದ್ದು ಸಂತೋಷವೇ. ಆದರೆ ಉಳಿದವರ ಸ್ಥಿತಿ ಏನು? ಭಾರತದ ಕ್ಯಾಥೊಲಿಕ್ ಬಿಷಪ್‌ಗಳ ಸಮ್ಮೇಳನ 2016ರಲ್ಲಿ ದಲಿತ ಸಬಲೀಕರಣ ನೀತಿಯನ್ನು ಬಿಡುಗಡೆ ಮಾಡಿ, ಚರ್ಚಿನೊಳಗೆ ಅಸ್ಪೃಶ್ಯತೆ ಇರುವುದನ್ನು ಒಪ್ಪಿಕೊಂಡಿತು. ಸುಮಾರು 1.9 ಕೋಟಿ ಕ್ಯಾಥೊಲಿಕರಲ್ಲಿ 1.2 ಕೋಟಿ ಮಂದಿ ದಲಿತರು. ದಲಿತ ಬಿಷಪ್‌ಗಳು ಮಾತ್ರ 12 ಎಂಬ ಲೆಕ್ಕವೂ ಆಗ ಹೊರಬಿತ್ತು. ತಮಿಳುನಾಡಿನ ತಿರುಚಿರಾಪಳ್ಳಿಯ ಮೇಲಪುದೂರು ಸ್ಮಶಾನದಲ್ಲಿ ದಲಿತರ ಸಮಾಧಿಗಳನ್ನು ಬೇರ್ಪಡಿಸಲು ಕಟ್ಟಿದ ಗೋಡೆ, ಸತ್ತ ಮೇಲೂ ಜಾತಿ ಬಿಡದು ಎಂಬುದಕ್ಕೆ ಸಾಕ್ಷಿಯಾಗಿತ್ತು.

ಹೊರಗೆ ಕಾನೂನಿನ ಇನ್ನೊಂದು ಗೋಡೆಯಿದೆ. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಅದರೊಳಗೆ ಬಂದರು. ಕ್ರೈಸ್ತರು, ಮುಸ್ಲಿಮರು ಹೊರಗುಳಿದರು. ಧರ್ಮದ ಷರತ್ತು ತೆಗೆಯಬೇಕೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಪೂಲಾ ಕಾರ್ಡಿನಲ್ ಆದ ಎರಡೇ ತಿಂಗಳಲ್ಲಿ ಕೇಂದ್ರವು ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಮತ್ತೊಂದು ಆಯೋಗ ನೇಮಿಸಿತು. ಪೂಲಾ ಅವರ ತೆಲುಗು ನಾಡಿನಲ್ಲಿ ಕ್ರೈಸ್ತರಾದ ದಲಿತರಿಗೆ ಇರುವುದು ಬಿಸಿ-ಸಿ ವರ್ಗದ ಶೇ 1ರ ಮೀಸಲಾತಿ.

ಚರ್ಚಿನ ಇಕ್ಕಟ್ಟು ಇರುವುದೇ ಇಲ್ಲಿ. 'ನಮ್ಮಲ್ಲಿ ಜಾತಿ ಇಲ್ಲ' ಎಂದರೆ ಮೀಸಲಾತಿ ಕೇಳಲು ಆಧಾರವಿಲ್ಲ. 'ಇದೆ' ಎಂದರೆ, ಸಮಾನತೆ ಬೋಧಿಸಿದವರು ಇಷ್ಟು ಕಾಲ ಮಾಡಿದ್ದೇನು ಎಂಬ ಪ್ರಶ್ನೆ ಏಳುತ್ತದೆ. ಕ್ರೈಸ್ತ ಧರ್ಮದಲ್ಲಿ ಅಸ್ಪೃಶ್ಯತೆಗೆ ಜಾಗವಿಲ್ಲ ಎಂಬುದು ವಿರೋಧಿಗಳ ಮುಖ್ಯ ವಾದ. ಈಗಿರುವ ಪಾಲು ಹಂಚಿಹೋಗುತ್ತದೆ ಎಂಬ ಆತಂಕ ಪರಿಶಿಷ್ಟ ಜಾತಿಗಳಲ್ಲೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ.

ಕಾನೂನು ಬದಲಿಸುವುದು ಸಂಸತ್ತಿನ ಕೆಲಸ. ಆದರೆ ಸ್ಮಶಾನದ ಗೋಡೆ ಕೆಡವಲು, ದಲಿತ ಪಾದ್ರಿಗಳನ್ನು ಆಯಕಟ್ಟಿನ ಹುದ್ದೆಗಳಿಗೆ ತರಲು, ತನ್ನ ಶಾಲೆ-ಕಾಲೇಜುಗಳಲ್ಲಿ ಬಡ ದಲಿತ ಮಕ್ಕಳಿಗೆ ಸೀಟು ಕೊಡಲು ಚರ್ಚು ಯಾವ ಆಯೋಗದ ವರದಿಗೂ ಕಾಯಬೇಕಿಲ್ಲ. 80 ತುಂಬುವವರೆಗೆ, ಅಂದರೆ 2041ರವರೆಗೆ, ಪೋಪ್ ಆಯ್ಕೆಯಲ್ಲಿ ಪೂಲಾ ಅವರಿಗೆ ಮತದ ಹಕ್ಕಿದೆ. ಅಷ್ಟರೊಳಗೆ 'ಮೊದಲ ದಲಿತ' ಎಂಬ ಮಾತು ಸುದ್ದಿಯೇ ಅಲ್ಲದಂತಾದರೆ, ಆ ಕೆಂಪು ಟೋಪಿಗೆ ಅರ್ಥ ಬಂದೀತು.